ಅಂಬಲಿಯ ನಾಡಿಗೆ ಕಾಫಿ ಬಂದ ಬಗೆ

ಬಳ್ಳಾರಿಗೆ ಸಮೀಪದಲ್ಲಿ, ಕಬ್ಬಿಣದ ಅದಿರಿನ ಕೆಂಗುಡ್ಡಗಳ ಮಗ್ಗುಲಿಗಿರುವ ಓಬಳಾಪುರವೂ, ಅದನ್ನೊಳಗೊಂಡ ರಾಯದುರ್ಗದ ಸೀಮೆಯೂ, ನೊಳಂಬರ ರಾಜಧಾನಿಯಾಗಿ ಮೆರೆದ ಹೆಂಜೇರು ಎಂಬ ಹೇಮಾವತಿಯನ್ನು ಒಡಲಲ್ಲಿರಿಸಿಕೊಂಡಿರುವ ಮಡಕಶಿರವೂ ರಾಜ್ಯಾಡಳಿತದ ನಕಾಶೆಯಲ್ಲಿ ಹಲವು ಬಾರಿ ಕೈಬದಲಾದ ಪ್ರದೇಶಗಳು. 1800ರಲ್ಲಿ ನಿಜಾಮನು ಆಂಗ್ಲರಿಗೆ ಬಿಟ್ಟುಕೊಟ್ಟ ದತ್ತಮಂಡಲದೊಳಗೆ ಇವು ಸೇರಿದುವು. 1882ರಲ್ಲಿ ಬಳ್ಳಾರಿ ಜಿಲ್ಲೆಯನ್ನು ಒಡೆದು ಅನಂತಪುರ ಜಿಲ್ಲೆಯನ್ನು ರಚಿಸಿದಾಗ ಮಡಕಶಿರವು ಅತ್ತ ಹೋಯಿತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ಉದಯಿಸಿದಾಗ ರಾಯದುರ್ಗವೂ ಬಳ್ಳಾರಿಯಿಂದ ಬೇರ್ಪಟ್ಟು ಮಡಕಶಿರವನ್ನು ಹಿಂಬಾಲಿಸಿತು. ಗಡಿಗೆರೆಗಳು ಹೀಗೆ ಸರಿದಾಡಿದರೂ ಇಲ್ಲಿಯ ಮನೆಗಳಲ್ಲಿ ಕನ್ನಡವು ಅಳಿಯಲಿಲ್ಲ. ಆದರೆ ಯಾವ ಸರ್ಕಾರಿ ಆಜ್ಞೆಯೂ ಇಲ್ಲದೆ, ಯಾರೂ ದಾಖಲೆಗೆ ಬರೆದಿಡದೆ ಬದಲಾದುದೊಂದುಂಟು: ಅದು ಬೆಳಗಿನ ಮೊದಲ ಗುಟುಕು.

ಭಾರತದ ಅತ್ಯಲ್ಪ ಮಳೆಯ ಪ್ರದೇಶಗಳಲ್ಲಿ ಅನಂತಪುರವೂ ಒಂದು. ಆದುದರಿಂದ ಇಲ್ಲಿಯ ಒಕ್ಕಲುಮಕ್ಕಳು ನೀರನ್ನು ಹೆಚ್ಚು ಬೇಡದ ರಾಗಿ, ಜೋಳ, ಸಜ್ಜೆ, ನವಣೆ, ಹಾರಕಗಳನ್ನೇ ನಂಬಿ ಬಾಳಿದರು. ಹಿಂದಿನ ರಾತ್ರಿ ಕಾಸಿಟ್ಟ ರಾಗಿಯ ಅಂಬಲಿಗೆ ಮಜ್ಜಿಗೆಯನ್ನೂ ಉಪ್ಪನ್ನೂ ಬೆರೆಸಿ, ಈರುಳ್ಳಿಯನ್ನೋ ಹಸಿಮೆಣಸಿನಕಾಯಿಯನ್ನೋ ನಂಜಿಕೊಂಡು ಕುಡಿದು ಹೊಲಕ್ಕೆ ಹೊರಡುವುದು ಬಡವನ ಬೆಳಗಿನ ವಿಧಿಯಾಗಿತ್ತು. ಮಧುಮೇಹವನ್ನು ಬಲು ಹಿಂದೆಯೇ ಗುರುತಿಸಿದ ಸುಶ್ರುತಸಂಹಿತೆಯು ಪ್ರಮೇಹಿಗಳಿಗೆ ಹೇಳುವ ಪಥ್ಯದ ಧಾನ್ಯಗಳಲ್ಲಿ ಯವದೊಡನೆ ಕೋದ್ರವವೂ, ಎಂದರೆ ನಮ್ಮ ಹಾರಕವೂ, ಸೇರಿದೆಯೆಂಬುದನ್ನು ಇಲ್ಲಿ ನೆನೆಯಬಹುದು. ಆದರೂ ಸತ್ಯವನ್ನು ಮರೆಮಾಚಬಾರದು: ನುಣ್ಣಗೆ ಬೀಸಿದ ರಾಗಿಯ ಅಂಬಲಿಯೂ ಪಿಷ್ಟಮಯವೇ, ಅದೂ ರಕ್ತದ ಸಕ್ಕರೆಯನ್ನು ಏರಿಸತಕ್ಕದ್ದೇ. ಅದನ್ನು ಕುಡಿದವನು ನೇಗಿಲಿನ ಹಿಂದೆ ಹಗಲೆಲ್ಲ ನಡೆಯುತ್ತಿದ್ದುದರಿಂದ, ಏರಿದ ಸಕ್ಕರೆಯನ್ನು ದುಡಿಯುವ ಸ್ನಾಯುಗಳು ತಾವೇ ಹೀರಿಕೊಳ್ಳುತ್ತಿದ್ದುವು.

ಇಂತಹ ಬಯಲಿಗೆ ಕಾಫಿಯು ಮಲೆನಾಡಿನಿಂದ ಇಳಿದು ಬಂದಿತು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನರು ಅರಬರ ಮೋಕಾ ಬಂದರಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಅರಿಯದವರಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಐರೋಪ್ಯ ತೋಟಗಾರರು ಕಾಡು ಕಡಿದು ಬೆಳೆಸಿದ ಕಾಫಿಯ ಬಹುಭಾಗವು ಹಡಗೇರಿ ಪರದೇಶಗಳಿಗೆ ಹೋಗುತ್ತಿತ್ತೇ ಹೊರತು ಬೆಳೆದ ನಾಡಿನ ಜನಸಾಮಾನ್ಯರ ಲೋಟಕ್ಕೆ ಬೀಳುತ್ತಿರಲಿಲ್ಲ. ವಿಶ್ವಮಾರುಕಟ್ಟೆಯಲ್ಲಿ ಬೆಲೆ ಕುಸಿದಾಗ, 1935ರಲ್ಲಿ ಕಾಫಿ ಸೆಸ್ ಸಮಿತಿಯು ಸ್ಥಾಪಿತವಾಗಿ, ಕಾಫಿಯನ್ನು ಸ್ವದೇಶದಲ್ಲಿಯೇ ಕುಡಿಸುವ ಪ್ರಚಾರವು ಮೊದಲಾಯಿತು. ಎರಡನೆಯ ಮಹಾಯುದ್ಧವು ಯೂರೋಪಿನ ಪೇಟೆಗಳನ್ನು ಮುಚ್ಚಿದ ಮೇಲೆ, 1942ರ ಕಾನೂನಿನಿಂದ ರೂಪುಗೊಂಡ ಕಾಫಿ ಮಂಡಳಿಯು ಆ ಕಾರ್ಯವನ್ನು ಮುಂದುವರಿಸಿತು. ಊರೂರುಗಳಲ್ಲಿ ತಲೆಯೆತ್ತಿದ ಹೋಟೆಲುಗಳೂ, ಮನೆಯಲ್ಲಿ ಫಿಲ್ಟರಿಟ್ಟು ಡಿಕಾಕ್ಷನ್ ಇಳಿಸುತ್ತಿದ್ದ ಗುಮಾಸ್ತೆ, ವಕೀಲ, ಉಪಾಧ್ಯಾಯರ ಸಂಸಾರಗಳೂ ಈ ಪಾನಕ್ಕೆ ಗೌರವವನ್ನು ತಂದುಕೊಟ್ಟುವು. ಬರಬರುತ್ತ ಬೆಲ್ಲದ ಕಾಫಿಯ ವೇಷದಲ್ಲಿ ಅದು ಹಳ್ಳಿಯ ಒಲೆಯನ್ನೂ ಏರಿತು. ಬಂದವರಿಗೆ ನೀರು ಮಜ್ಜಿಗೆ ಕೊಡುತ್ತಿದ್ದ ಮನೆಯು ಕಾಫಿ ಕೊಡದೆ ಕಳುಹಿಸಿದರೆ ಅವಮರ್ಯಾದೆಯೆಂದು ಭಾವಿಸುವ ಕಾಲವು ಬಂದಿತು.

ಈ ಪಾನದಿಂದ ರಕ್ತದ ಸಕ್ಕರೆಗೆ ಏನಾಗುತ್ತದೆಂಬ ಪ್ರಶ್ನೆಗೆ ವಿಜ್ಞಾನವು ಕೊಡುವ ಉತ್ತರವು ಮೇಲುನೋಟಕ್ಕೆ ಪರಸ್ಪರ ವಿರುದ್ಧವಾಗಿ ಕಾಣುವುದು. 1819ರಲ್ಲಿ ಜರ್ಮನಿಯ ರುಂಗೆಯು ಕಾಫಿಬೀಜದಿಂದ ಬೇರ್ಪಡಿಸಿದ ಕೆಫೀನ್, ಅಡ್ರಿನಲಿನ್ನನ್ನು ಕೆರಳಿಸಿ, ಕೆಲವು ಗಂಟೆಗಳವರೆಗೆ ಇನ್ಸುಲಿನ್ನಿನ ಪ್ರಭಾವವನ್ನು ಕುಗ್ಗಿಸುತ್ತದೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಿದ್ರೆಗೆಟ್ಟ ರಾತ್ರಿಯ ಮರುಬೆಳಗ್ಗೆ ಆಹಾರಕ್ಕೆ ಮುನ್ನ ಗಾಢವಾದ ಕಪ್ಪು ಕಾಫಿಯನ್ನು ಕುಡಿದವರಲ್ಲಿ, ಅನಂತರ ಸೇವಿಸಿದ ಸಿಹಿಪಾನೀಯಕ್ಕೆ ರಕ್ತದ ಸಕ್ಕರೆಯ ಏರಿಕೆಯು ಸುಮಾರು ಶೇಕಡ 50ರಷ್ಟು ಅಧಿಕವಾಗಿತ್ತು. ಹೀಗಿದ್ದೂ ದೀರ್ಘಕಾಲದ ಅವಲೋಕನಗಳು ಬೇರೆಯ ಕಥೆಯನ್ನೇ ಹೇಳುತ್ತವೆ. 2002ರಲ್ಲಿ ಹಾಲೆಂಡಿನ ಸುಮಾರು 17,000 ಜನರ ವೃತ್ತಾಂತವನ್ನು ಪರಿಶೀಲಿಸಿದ ವಿದ್ವಾಂಸರಿಗೆ, ದಿನಕ್ಕೆ ಏಳು ಬಟ್ಟಲನ್ನೋ ಅದಕ್ಕೂ ಮಿಗಿಲಾಗಿಯೋ ಕುಡಿಯುವವರಲ್ಲಿ ಮಧುಮೇಹದ ಸಂಭವವು, ಎರಡು ಬಟ್ಟಲಿಗೆ ಮೀರದವರಲ್ಲಿದ್ದುದರ ಅರ್ಧದಷ್ಟು ಮಾತ್ರವೆಂದು ಕಂಡಿತು. ತರುವಾಯದ ಹಲವು ಅಧ್ಯಯನಗಳೂ ಅದೇ ದಿಕ್ಕನ್ನು ತೋರಿದುವು. ಕೆಫೀನ್ ತೆಗೆದ ಕಾಫಿಯಲ್ಲಿಯೂ ಇದೇ ಸಂಬಂಧವು ಗೋಚರಿಸಿರುವುದರಿಂದ, ಬೀಜದಲ್ಲಿರುವ ಕ್ಲೋರೋಜೆನಿಕ್ ಆಮ್ಲವೇ ಮೊದಲಾದ ಇತರ ದ್ರವ್ಯಗಳ ಕಡೆಗೆ ವಿದ್ವಾಂಸರ ದೃಷ್ಟಿ ಹರಿದಿದೆ. ಇವೆಲ್ಲ ಅವಲೋಕನಗಳೇ ಆಗಿರುವುದರಿಂದ ಕಾಫಿಯೇ ಕಾರಣವೆಂಬುದು ಇವುಗಳಿಂದ ಸಿದ್ಧವಾಗುವುದಿಲ್ಲ. ರೋಗವನ್ನು ತಡೆಯಲೆಂದು ಕಾಫಿ ಕುಡಿಯಿರೆಂದು ವಿಧಿಸುವುದಕ್ಕೂ ಆಧಾರವಿಲ್ಲ.

ನಮ್ಮ ಸೀಮೆಯ ಮಟ್ಟಿಗೆ ಈ ವಾದದಲ್ಲಿ ಮರೆತುಹೋಗುವ ಸಂಗತಿಯೊಂದುಂಟು. ಹಾಲೆಂಡಿನವರ ಬಟ್ಟಲೂ ನಮ್ಮ ಲೋಟವೂ ಒಂದೇ ಅಲ್ಲ. ನಮ್ಮಲ್ಲಿ ಕಾಫಿಯೆಂದರೆ ಡಿಕಾಕ್ಷನ್ನಿಗೆ ಹಾಲೂ ಸಕ್ಕರೆಯೂ ಧಾರಾಳವಾಗಿ ಕೂಡಿದ ಪಾನವೆಂದೇ ಅರ್ಥ. ಲೋಟಕ್ಕೆ ಎರಡು ಚಮಚ ಸಕ್ಕರೆಯೆಂದರೆ ಸುಮಾರು 10 ಗ್ರಾಂ. ದಿನಕ್ಕೆ ನಾಲ್ಕು ಲೋಟವಾದರೆ 40 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಉತ್ತಮವೆಂದು ಸೂಚಿಸಿದ ಮಿತಿಯು ಸುಮಾರು 25 ಗ್ರಾಂ ಎಂಬುದನ್ನು ನೋಡಿದರೆ, ಊಟದ ಮಾತಿಗೆ ಮೊದಲೇ ಆ ಮಿತಿಯು ದಾಟಿರುತ್ತದೆ. ಬೆಲ್ಲವು ಹಿತಕರವೆಂಬ ನಂಬಿಕೆಯೂ ಇಲ್ಲಿ ನೆರವಾಗದು. ಅದರ ಬಹುಪಾಲೂ ಸಕ್ಕರೆಯೇ.

ಕಾಫಿ ಒಂಟಿಯಾಗಿಯೂ ಬರಲಿಲ್ಲ. ನವಣೆ ಸಜ್ಜೆಗಳ ಹೊಲಗಳನ್ನು ಕಡಲೆಕಾಯಿಯು ಆಕ್ರಮಿಸಿತು. 1983ರಲ್ಲಿ ಆಂಧ್ರಪ್ರದೇಶದಲ್ಲಿ ಆರಂಭವಾದ, ಕಿಲೋಗೆ ಎರಡು ರೂಪಾಯಿಯ ಅಕ್ಕಿಯು ಬಡವರ ಹಸಿವನ್ನು ನೀಗಿಸಿದ ಪುಣ್ಯಕಾರ್ಯವೇ ಆದರೂ, ಹಬ್ಬದ ಅನ್ನವನ್ನು ನಿತ್ಯದ ಅನ್ನವನ್ನಾಗಿ ಮಾಡಿತು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದು ಮೈದುಡಿಮೆಯೂ ತಗ್ಗಿತು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯು ದೇಶದ ವಯಸ್ಕರಲ್ಲಿ ಶೇಕಡ 11.4 ಮಂದಿಗೆ ಮಧುಮೇಹವಿದೆಯೆಂದು ಅಂದಾಜಿಸಿತು. ಈ ವಿಪತ್ತಿನ ಹೊಣೆಯನ್ನು ಕಾಫಿಬೀಜವೊಂದರ ಮೇಲೆ ಹೊರಿಸುವುದು ಇತಿಹಾಸಕ್ಕೆ ಮಾಡುವ ಅನ್ಯಾಯ. ಅದರೊಡನೆ ಬಂದ ಸಕ್ಕರೆಯನ್ನು ಕಾಣದಿರುವುದು ಆರೋಗ್ಯಕ್ಕೆ ಮಾಡುವ ಅನ್ಯಾಯ.

ಮೂರು ತಲೆಮಾರುಗಳ ಆತಿಥ್ಯವನ್ನೂ ಸ್ನೇಹವನ್ನೂ ಹೊತ್ತುಬಂದ ಪಾನವನ್ನು ತ್ಯಜಿಸಿರೆಂದು ಓಬಳಾಪುರದ ಮುದುಕರಿಗಾಗಲಿ ಮಡಕಶಿರದ ಗೃಹಿಣಿಯರಿಗಾಗಲಿ ಹೇಳುವ ಅಗತ್ಯವಿಲ್ಲ. ಬೆಳಗಿನ ಹಸಿದ ಹೊಟ್ಟೆಗೆ ಏನಾದರೂ ಆಹಾರ ಬಿದ್ದ ಮೇಲೆ ಲೋಟವನ್ನು ಕೈಗೆತ್ತಿಕೊಳ್ಳುವುದು, ಸಕ್ಕರೆಯ ಚಮಚವನ್ನು ತಿಂಗಳಿಂದ ತಿಂಗಳಿಗೆ ಇಳಿಸುತ್ತ ಹೋಗುವುದು, ಈಗಾಗಲೇ ಮಧುಮೇಹವಿರುವವರು ಕಾಫಿಯ ಮುಂಚೆಯೂ ಅನಂತರವೂ ಸಕ್ಕರೆಯನ್ನು ಅಳೆದು ನೋಡಿ ವೈದ್ಯರೊಡನೆ ವಿಚಾರಿಸುವುದು, ಇವಿಷ್ಟು ಸಾಧ್ಯವಾದರೆ ಸಾಕು. ಅಂಬಲಿಯಿಂದ ಕಾಫಿಗೆ ಹೊರಳಿದ ಜನರ ನಾಲಗೆಗೆ ಸಕ್ಕರೆ ಕಡಿಮೆಯಾದ ಕಾಫಿಗೆ ಹೊರಳುವ ಶಕ್ತಿಯಿಲ್ಲವೆಂದು ಯಾರೂ ಹೇಳಲಾರರು.