ತೂಕದ ತಕ್ಕಡಿಯಿಂದ ರಕ್ತದ ಹನಿಯವರೆಗೆ



ನಮ್ಮ ವಿನೋಬನಗರದ ಯಾವ ರಸ್ತೆಯಲ್ಲಿ ವಿಚಾರಿಸಿದರೂ ಸಕ್ಕರೆ ಕಾಯಿಲೆ ಇರುವವರು ಸಿಗುತ್ತಾರೆ. ಅವರಲ್ಲಿ ಎಲ್ಲರೂ ದಪ್ಪಗಿಲ್ಲ. "ನನಗೇನು ಬೊಜ್ಜಿದೆಯೇ? ನನಗೇಕೆ ಬಂತು?" ಎಂದು ಅವರು ಕೇಳುವುದನ್ನು ನೀವೂ ಕೇಳಿರಬಹುದು. ಈ ಪ್ರಶ್ನೆಯ ಹಿಂದೆ ದೊಡ್ಡ ಇತಿಹಾಸವೇ ಇದೆ.

ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಲೆಕ್ಕವನ್ನು 1832ರಲ್ಲಿ ಕೊಟ್ಟವರು ಬೆಲ್ಜಿಯಂನ ಅಡಾಲ್ಫ್ ಕೆಟಲೆ. ಅವರು ವೈದ್ಯರಲ್ಲ, ಗಣಿತಜ್ಞರು. 1972ರಲ್ಲಿ ಅಮೆರಿಕದ ಆನ್ಸೆಲ್ ಕೀಸ್ ಅದಕ್ಕೆ ಬಿ.ಎಂ.ಐ. ಎಂಬ ಹೆಸರು ಕೊಟ್ಟರು. ಆದರೆ ಕೊಬ್ಬು ದೇಹದ ಯಾವ ಭಾಗದಲ್ಲಿದೆ ಎಂಬುದನ್ನು ಈ ಲೆಕ್ಕ ಹೇಳುವುದಿಲ್ಲ. ಭಾರತೀಯರಲ್ಲಿ ತೂಕ ಕಡಿಮೆಯಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಹೆಚ್ಚು. ಆದ್ದರಿಂದಲೇ 2009ರಲ್ಲಿ ನಮ್ಮ ದೇಶದ ತಜ್ಞರು ಬೊಜ್ಜಿನ ಮಿತಿಯನ್ನು 30ರ ಬದಲು 25 ಎಂದು ನಿಗದಿ ಮಾಡಿದರು.

ಇದರ ಬೇರು ಎಲ್ಲಿದೆ? ಒಂದು ಸುಳಿವು ನಮ್ಮ ರಾಜ್ಯದಲ್ಲೇ ಸಿಕ್ಕಿತು. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಸುಮಾರು ಅರ್ಧ ಶತಮಾನದ ನಂತರ ಸಂಶೋಧಕರು ಆ ಮಕ್ಕಳನ್ನು ಹುಡುಕಿ ಪರೀಕ್ಷಿಸಿದರು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯರೋಗ ಹೆಚ್ಚೆಂಬುದು 1996ರಲ್ಲಿ ಪ್ರಕಟವಾಯಿತು. ಅಂದರೆ ಗರ್ಭದಲ್ಲಿನ ಪೋಷಣೆಯ ಪರಿಣಾಮ ಮುಪ್ಪಿನವರೆಗೂ ಉಳಿಯಬಲ್ಲದು.

ಹುಟ್ಟಿನಿಂದ ಬಂದ ವಂಶವಾಹಿಗಳು ಬದಲಾಗದಿದ್ದರೂ, ಅವು ಕೆಲಸ ಮಾಡುವ ರೀತಿ ಬದಲಾಗುತ್ತದೆ. ಅದನ್ನು ನಿಯಂತ್ರಿಸುವ ವ್ಯವಸ್ಥೆಗಳಲ್ಲಿ ಮೈಕ್ರೋ ಆರ್‌ಎನ್‌ಎ ಒಂದು. ಇದು ಸುಮಾರು 22 ಅಕ್ಷರಗಳಷ್ಟು ಉದ್ದದ ಪುಟ್ಟ ಎಳೆ. ಪ್ರೋಟೀನ್ ತಯಾರಿಸಲು ಹೊರಟ ಸಂದೇಶಕ್ಕೆ ಅಂಟಿಕೊಂಡು ಅದನ್ನು ತಡೆಯುತ್ತದೆ. 1993ರಲ್ಲಿ ವಿಕ್ಟರ್ ಆ್ಯಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಇದನ್ನು ಬೆಳಕಿಗೆ ತಂದಾಗ ಹೆಚ್ಚಿನವರು ಗಮನಿಸಲಿಲ್ಲ. 2000ದಲ್ಲಿ ಮನುಷ್ಯರಲ್ಲೂ ಇಂಥದೇ ಎಳೆ ಇದೆಯೆಂದು ತಿಳಿಯಿತು. 2024ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಬಂದಿತು.

ಈ ಎಳೆಗಳು ರಕ್ತದಲ್ಲಿ ಕೆಡದೆ ಉಳಿಯುತ್ತವೆಂದು 2008ರಲ್ಲಿ ತಿಳಿದ ಮೇಲೆ ಅವುಗಳನ್ನು ರೋಗದ ಸೂಚಕವಾಗಿ ಬಳಸುವ ಆಸೆ ಹುಟ್ಟಿತು. 2013ರಲ್ಲಿ ಸ್ಪೇನಿನ ಸಂಶೋಧಕರು ಬೊಜ್ಜಿದ್ದವರ ರಕ್ತದಲ್ಲಿ ಕೆಲವು ಎಳೆಗಳ ಪ್ರಮಾಣ ಬೇರೆಯಿರುವುದನ್ನು ಕಂಡರು. ಶಸ್ತ್ರಚಿಕಿತ್ಸೆಯಿಂದ ತೂಕ ಇಳಿದಾಗ ಅವುಗಳಲ್ಲಿ ಒಂದಾದ, ಯಕೃತ್ತಿನಲ್ಲಿ ಹೆಚ್ಚಾಗಿರುವ 'ಮಿರ್-122' ಕೂಡ ಇಳಿಯಿತು.

ಹಾಗಾದರೆ ಇಂದೇ ಈ ಪರೀಕ್ಷೆ ಮಾಡಿಸಬೇಕೆ? ಬೇಡ. ರಕ್ತ ತೆಗೆಯುವಾಗ ಕೆಂಪು ಕಣಗಳು ಒಡೆದರೂ ಅಳತೆ ಏರುಪೇರಾಗುತ್ತದೆ. ಒಂದು ಪ್ರಯೋಗಾಲಯದ ಫಲಿತಾಂಶ ಇನ್ನೊಂದಕ್ಕೆ ಹೊಂದುವುದಿಲ್ಲ. ಬೊಜ್ಜಿಗೆ ಇದಿನ್ನೂ ಸಂಶೋಧನೆಯ ಸಾಧನವೇ ಹೊರತು ಚಿಕಿತ್ಸಾಲಯದ್ದಲ್ಲ. ಇದರ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಮೋಸ ಹೋಗಬೇಡಿ.

ಸದ್ಯಕ್ಕೆ ನಮ್ಮ ಕೈಯಲ್ಲಿರುವುದು ಟೈಲರ್ ಅಂಗಡಿಯ ಟೇಪು. ಸೊಂಟದ ಸುತ್ತಳತೆ ಗಂಡಸರಲ್ಲಿ 90 ಸೆಂ.ಮೀ., ಹೆಂಗಸರಲ್ಲಿ 80 ಸೆಂ.ಮೀ. ತಲುಪಿದರೆ, ತೆಳ್ಳಗೆ ಕಂಡರೂ, ಒಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ. ಮನೆಯ ಗರ್ಭಿಣಿಯರ ಊಟದ ಕಡೆ ಗಮನ ಕೊಡಿ. ಮಗುವಿನ ಜನನ ತೂಕ ಬರೆದಿರುವ ತಾಯಿ ಕಾರ್ಡನ್ನು ಜೋಪಾನವಾಗಿಡಿ. ಮೈಸೂರಿನಲ್ಲಿ ಅಂದು ಬರೆದಿಟ್ಟ ಅಂಕಿಗಳೇ ಮುಂದೆ ಜಗತ್ತಿಗೆ ಪಾಠ ಹೇಳಿದವು ಎಂಬುದನ್ನು ಮರೆಯದಿರೋಣ.