ಎರಡನೆಯ ಅಕ್ಷರದ ನಂಟು

ದಾವಣಗೆರೆಯ ಹೋಟೆಲೊಂದರಲ್ಲಿ ಬೆಣ್ಣೆ ದೋಸೆಗೆ ಕಾಯುತ್ತಿದ್ದೆವು. ಹತ್ತನೇ ತರಗತಿಯ ತಂಗಿ ಮಗಳು ಕೇಳಿದಳು: ‘ಮಾಮಾ, ಪ್ರಾಸ ಅಂದ್ರೆ ಸಾಲಿನ ಕೊನೆಗೆ ಒಂದೇ ಥರ ಬರೋದು ತಾನೆ?’

ಘೋಷಣೆ, ಜಾಹೀರಾತು, ಸಿನಿಮಾ ಹಾಡುಗಳಿಂದ ಆ ಪದಕ್ಕೆ ಈಗ ಅಂಟಿರುವ ಅರ್ಥ ಅದೇ. ಹಳಗನ್ನಡ ಕವಿಯ ಪ್ರಾಸ ಸಾಲಿನ ಮೊದಲಲ್ಲೇ ಇರುತ್ತಿತ್ತು. ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಬೇಕು; ಸ್ವರ ಬೇರೆಯಾದರೂ ನಡೆದೀತು. ಅದರ ಬಗೆ ನೋಡಿ ಲಾಕ್ಷಣಿಕರು ಆರು ಹೆಸರಿಟ್ಟರು: ಸಿಂಹ, ಗಜ, ವೃಷಭ, ಅಜ, ಶರಭ, ಹಯ.

‘ಬೆಣ್ಣೆಯ ಗಾದೆ ಒಂದು ಹೇಳು’ ಅಂದೆ.

‘ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ.’

ಮೆಲ್ಲಗೆ ಇನ್ನೊಮ್ಮೆ ಹೇಳಿಸಿದೆ. ಕಣ್ಣು, ಬೆಣ್ಣೆ, ಸುಣ್ಣ. ಗಾದೆಗೆ ಪದ್ಯದ ಕಟ್ಟಿಲ್ಲ, ಆದರೂ ಮೂರು ಪದಗಳಲ್ಲೂ ಎರಡನೆಯದು ಣಕಾರದ ಒತ್ತು. ಹೀಗೆ ಒಂದೇ ವ್ಯಂಜನ ಇಮ್ಮಡಿಸಿದರೆ ಹಯಪ್ರಾಸ. ‘ತಾಳಿದವನು ಬಾಳಿಯಾನು’ ಅನ್ನುವಾಗ ಮೊದಲಕ್ಷರ ದೀರ್ಘ, ಅದು ಗಜ. ‘ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ’ಯಲ್ಲಿ ಸೊನ್ನೆ, ಅದು ವೃಷಭ. ಕೆಸರು–ಮೊಸರಿನಲ್ಲಿ ಮೊದಲಕ್ಷರ ಹ್ರಸ್ವ, ಅದು ಸಿಂಹ.

ಹೆಸರು ಗುರುತಿಸಿದರೆ ಓದು ಮುಗಿಯಲಿಲ್ಲ. ಆ ನಾದ ಯಾವ ಪದಗಳನ್ನು ಹತ್ತಿರ ತಂದಿತು, ಏಕೆ ತಂದಿತು ಎಂದು ಕೇಳಬೇಕು. ಬೆಣ್ಣೆಯೂ ಬಿಳಿ, ಸುಣ್ಣವೂ ಬಿಳಿ; ಒಂದು ತಂಪು, ಇನ್ನೊಂದು ಸುಡುತ್ತದೆ. ಬಣ್ಣವೂ ನಾದವೂ ಹೊಂದಿರುವುದರಿಂದಲೇ ಆ ಭೇದ ಅಷ್ಟು ಚುಚ್ಚುತ್ತದೆ.

1911ರಲ್ಲಿ ಮಂಜೇಶ್ವರದ ಗೋವಿಂದ ಪೈ ಈ ಪ್ರಾಸವನ್ನು ಬಿಟ್ಟು ಬರೆದರು. ಕಡ್ಡಾಯ ಹೋಯಿತು, ಕವಿಯ ಕಿವಿ ಉಳಿಯಿತು. ಹೊಸ ಕವಿತೆಯಲ್ಲಿ ಎರಡನೆಯ ಅಕ್ಷರ ಹೊಂದಿ ಬಂದರೆ ಅಲ್ಲೊಮ್ಮೆ ನಿಲ್ಲಬೇಕು. ಈಗ ಅದನ್ನು ತರುವಂತೆ ಯಾವ ನಿಯಮವೂ ಕವಿಯನ್ನು ಒತ್ತಾಯಿಸುವುದಿಲ್ಲ.

ಸಂಜೆ ಹರಿಹರಕ್ಕೆ ಹೋದೆವು. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿ. ಒಳಗಿನ ಮೂರ್ತಿ ಅರ್ಧ ಹರ, ಅರ್ಧ ಹರಿ. ಊರಿನ ಪಕ್ಕದಲ್ಲೇ ತುಂಗಭದ್ರೆಗೆ ಸೇರುವ ಹೊಳೆ ಹರಿದ್ರಾ. ಹುಡುಗಿ ಬೆರಳು ಮಡಿಚತೊಡಗಿದಳು: ‘ಹರಿ, ಹರ, ಹರಿದ್ರಾ... ಎರಡನೇದು ರಕಾರ. ಸಿಂಹಪ್ರಾಸ!’

ಮತ್ತೆ ಮೂರ್ತಿಯ ಕಡೆ ತಿರುಗಿ ಮೆಲ್ಲಗೆ ಅಂದಳು: ‘ಬೆಣ್ಣೆ–ಸುಣ್ಣದ ಥರ ಅಲ್ಲ ಮಾಮಾ. ಇಲ್ಲಿ ಪ್ರಾಸ ಇಬ್ಬರನ್ನೂ ಒಂದು ಮಾಡಿದೆ.’