ಉಲ್ಲೇಖಗಳ ಲೆಕ್ಕ

ಒಬ್ಬ ವಿದ್ವಾಂಸನು ಮತ್ತೊಬ್ಬನ ಹೆಸರೆತ್ತುವುದು ಸಣ್ಣ ಸಂಗತಿಯಂತೆ ಕಾಣುತ್ತದೆ. ಆದರೆ ಒಮ್ಮೊಮ್ಮೆ ಆ ಹೆಸರೊಂದು ಮಾತ್ರ ಉಳಿದು ಮಿಕ್ಕದ್ದೆಲ್ಲ ಕಾಲನ ಪಾಲಾಗುತ್ತದೆ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ನಾಗಾರ್ಜುನ, ಜಯಬಂಧು ಮೊದಲಾದ ಗದ್ಯಕಾರರನ್ನು ಸ್ಮರಿಸಿದೆ, ಅವರ ಕನ್ನಡ ಕೃತಿಗಳು ನಮಗೆ ದೊರೆತಿಲ್ಲ. ಉಲ್ಲೇಖವೆಂಬುದು ಋಣವನ್ನು ಒಪ್ಪಿಕೊಳ್ಳುವ ಮಾತು ಹೇಗೋ ಹಾಗೆಯೇ ಸಾಕ್ಷಿಯೂ ಹೌದು. ಇಂಥ ಸಾಕ್ಷಿಗಳನ್ನು ಕಲೆಹಾಕಿ ಲೆಕ್ಕವಿಡುವ ವಿದ್ಯೆ ಹೇಗೆ ಹುಟ್ಟಿತು, ಈಗ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ವಾಚಕರ ಮುಂದಿಡಬೇಕೆಂದು ನನ್ನ ಬಯಕೆ.

ಇದರ ಮೂಲವನ್ನು ಅರಸಿ ಹೋದರೆ ನಾವು ವಿಜ್ಞಾನಿಗಳ ಪ್ರಯೋಗಶಾಲೆಯನ್ನಲ್ಲ, ವಕೀಲರ ಕಚೇರಿಯನ್ನು ತಲುಪುತ್ತೇವೆ. 1873ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಫ್ರಾಂಕ್ ಶೆಪರ್ಡ್ ಎಂಬಾತನು ವಕೀಲರ ಉಪಯೋಗಕ್ಕೆಂದು ಒಂದು ಸೂಚಿಯನ್ನು ಆರಂಭಿಸಿದನು. ಹಳೆಯ ತೀರ್ಪೊಂದನ್ನು ಮುಂದಿನ ಯಾವ ಯಾವ ತೀರ್ಪುಗಳು ಎತ್ತಿ ಹೇಳಿವೆ ಎಂಬ ಪಟ್ಟಿ ಅದು. ಮೊದಮೊದಲು ಅಂಟು ಸವರಿದ ಚೀಟಿಗಳಲ್ಲಿ ಅಚ್ಚಾಗಿ ಬರುತ್ತಿತ್ತು; ವಕೀಲನು ಅದನ್ನು ತನ್ನ ಪುಸ್ತಕದ ಅಂಚಿಗೆ ಅಂಟಿಸಿಕೊಳ್ಳುತ್ತಿದ್ದನು. ಮುಂದೆ ಗ್ರಂಥರೂಪಕ್ಕೆ ಬಂದ ಈ ಸೂಚಿಯಲ್ಲಿ ಪ್ರತಿಯೊಂದು ಉಲ್ಲೇಖದ ಪಕ್ಕದಲ್ಲಿಯೂ ಒಂದು ಅಕ್ಷರವಿರುತ್ತಿತ್ತು: ಹಳೆಯ ತೀರ್ಪನ್ನು ಎತ್ತಿಹಿಡಿದರೆ ಒಂದು, ಟೀಕಿಸಿದರೆ ಮತ್ತೊಂದು, ತಳ್ಳಿಹಾಕಿದರೆ ಇನ್ನೊಂದು. ಬಿದ್ದುಹೋದ ತೀರ್ಪನ್ನು ನಂಬಿ ವಾದಿಸಿದರೆ ಕಕ್ಷಿಗಾರನ ಗತಿಯೇನು? ಆ ಒಂದಕ್ಷರಕ್ಕೆ ಅಷ್ಟು ಬೆಲೆ.

ವಿಜ್ಞಾನದ ಕ್ಷೇತ್ರದಲ್ಲಿ ಎಣಿಕೆಗೆ ಕೈಹಾಕಿದ್ದು ಬೇರೊಂದು ಕಾರಣಕ್ಕೆ. 1927ರಲ್ಲಿ ಗ್ರಾಸ್ ಎಂಬ ಅಡ್ಡಹೆಸರಿನ ಇಬ್ಬರು, ಸಣ್ಣ ಕಾಲೇಜೊಂದರ ಗ್ರಂಥಾಲಯವು ರಸಾಯನಶಾಸ್ತ್ರದ ಯಾವ ನಿಯತಕಾಲಿಕಗಳನ್ನು ತರಿಸಬೇಕು ಎಂದು ತಿಳಿಯಲು, ಒಂದು ಪ್ರಮುಖ ಪತ್ರಿಕೆಯ ಒಂದು ವರ್ಷದ ಸಂಚಿಕೆಗಳಲ್ಲಿ ಬಂದ 3,633 ಉಲ್ಲೇಖಗಳನ್ನು ಕೈಯಾರೆ ಎಣಿಸಿದರು. ಇರುವ ಹಣ ಸ್ವಲ್ಪ, ಪತ್ರಿಕೆಗಳು ಹಲವು. ಇದು ಮಿತವ್ಯಯದ ಲೆಕ್ಕ; ಯಾರ ಯೋಗ್ಯತೆಯನ್ನೂ ತೂಗುವ ಲೆಕ್ಕವಲ್ಲ.

ಎರಡು ಎಳೆಗಳನ್ನೂ ಒಂದಾಗಿ ಹೊಸೆದವನು ಯೂಜೀನ್ ಗಾರ್ಫೀಲ್ಡ್. ವೈದ್ಯಕೀಯ ಲೇಖನಗಳ ಸೂಚಿಯನ್ನು ಯಂತ್ರದಿಂದ ಸಿದ್ಧಪಡಿಸುವ ಯೋಜನೆಯೊಂದರಲ್ಲಿ ಅವನು ದುಡಿಯುತ್ತಿದ್ದಾಗ, 1953ರಲ್ಲಿ, ಶೆಪರ್ಡನ ಸಂಸ್ಥೆಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತನಾಗಿದ್ದ ವಿಲಿಯಂ ಅಡೇರ್ ಪತ್ರ ಬರೆದು ವಕೀಲರ ಪದ್ಧತಿಯನ್ನು ಪರಿಚಯಿಸಿದನು. 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಗಾರ್ಫೀಲ್ಡನ ಪ್ರಸಿದ್ಧ ಲೇಖನ ಪ್ರಕಟವಾಯಿತು. ಅವನು ಅಲ್ಲಿ ಕೊಟ್ಟ ಮೊದಲ ಕಾರಣ ಇಂದು ಎಷ್ಟು ಜನಕ್ಕೆ ನೆನಪಿದೆಯೋ! ತಪ್ಪಾದ, ಅಪೂರ್ಣವಾದ, ಹಳತಾದ ಮಾಹಿತಿಯನ್ನು ಕಣ್ಣುಮುಚ್ಚಿ ಉಲ್ಲೇಖಿಸುವುದು ನಿಲ್ಲಬೇಕು. ಹಿಂದಿನ ಲೇಖನಕ್ಕೆ ಬಂದ ಆಕ್ಷೇಪಗಳು ಪ್ರಾಮಾಣಿಕ ಸಂಶೋಧಕನಿಗೆ ಗೊತ್ತಾಗಬೇಕು. ಎಚ್ಚರಿಕೆಯೇ ಉದ್ದೇಶವಾಗಿತ್ತು.

1963ರಲ್ಲಿ ಸಿದ್ಧವಾದ ಅವನ ‘ಸೈನ್ಸ್ ಸೈಟೇಷನ್ ಇಂಡೆಕ್ಸ್’ 613 ಪತ್ರಿಕೆಗಳ ಸುಮಾರು 14 ಲಕ್ಷ ಉಲ್ಲೇಖಗಳನ್ನು ಐದು ಸಂಪುಟಗಳಲ್ಲಿ ಅಡಕಗೊಳಿಸಿತು. ಮರುವರ್ಷವೇ ಗಾರ್ಫೀಲ್ಡನೂ ಅವನ ಸಂಗಡಿಗರೂ ಒಂದು ಸೊಗಸಾದ ಪರೀಕ್ಷೆ ಮಾಡಿದರು. ಅನುವಂಶೀಯತೆಯ ರಹಸ್ಯವು ಬಯಲಾದ ಕಥೆಯನ್ನು ಐಸಾಕ್ ಆಸಿಮೋವ್ ಪುಸ್ತಕವಾಗಿ ಬರೆದಿದ್ದನಷ್ಟೆ. ಅದರಿಂದ 40 ಘಟ್ಟಗಳನ್ನು ಆರಿಸಿ, ಮೂಲ ಲೇಖನಗಳು ಒಂದನ್ನೊಂದು ಉಲ್ಲೇಖಿಸಿದ ಬಗೆಯನ್ನು ನಕ್ಷೆಯಾಗಿ ಬಿಡಿಸಿ, ಇತಿಹಾಸಕಾರನ ನಕ್ಷೆಯೊಡನೆ ಇಟ್ಟು ನೋಡಿದರು. ಬಹುಪಾಲು ಹೊಂದಿಕೆಯಾಯಿತು, ಆಸಿಮೋವ್ ಹೇಳದಿದ್ದ ಕೆಲವು ನಂಟುಗಳೂ ಕಂಡವು. ಒಂದು ಲೇಖನಸಮೂಹದ ವಂಶವೃಕ್ಷವನ್ನು ಹೀಗೂ ಬರೆಯಬಹುದೆಂದಾಯಿತು.

ಇಂದು ಈ ಕೆಲಸ ಕ್ಷಣದಲ್ಲಿ ಆಗುತ್ತದೆ. ಒಂದು ವಿಭಾಗದ ಅಥವಾ ಒಂದು ಯೋಜನೆಯ ಲೇಖನಗಳನ್ನೆಲ್ಲ ಗುಂಪು ಕಟ್ಟಿ ಗಣಕಯಂತ್ರಕ್ಕೆ ಒಪ್ಪಿಸಿದರೆ, ಯಾರು, ಯಾವ ವರ್ಷ, ಯಾವ ದೇಶದಿಂದ ಅವನ್ನು ಉಲ್ಲೇಖಿಸಿದರೆಂಬುದು ಬಣ್ಣದ ರೇಖೆಗಳಾಗಿ ‘ಡ್ಯಾಶ್‌ಬೋರ್ಡ್’ ಎಂಬ ಫಲಕದ ಮೇಲೆ ಮೂಡುತ್ತದೆ. ಕುದುರೆಯ ಗೊರಸಿನಿಂದ ಸಿಡಿಯುವ ಕೆಸರು ಸಾರಥಿಯ ಮೈಗೆ ತಾಗದಿರಲೆಂದು ಗಾಡಿಯ ಮುಂದೆ ಹೊಡೆಯುತ್ತಿದ್ದ ಹಲಗೆಗೆ ಹಿಂದೆ ಈ ಹೆಸರಿತ್ತು.

ನನ್ನ ಆತಂಕವೂ ಇಲ್ಲಿಯೇ. ಶೆಪರ್ಡನ ಅಕ್ಷರಗಳು ಗಾರ್ಫೀಲ್ಡನ ಸೂಚಿಗೆ ಬರಲಿಲ್ಲ; ಉಲ್ಲೇಖ ಉಳಿಯಿತು, ಅದರ ಅಭಿಪ್ರಾಯ ಬಿಟ್ಟುಹೋಯಿತು. ಹೊಗಳಿದರೂ ಒಂದು, ಖಂಡಿಸಿದರೂ ಒಂದು. ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿ 1998ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂದ ಲೇಖನವನ್ನು ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಅದಕ್ಕಿರುವ ಉಲ್ಲೇಖಗಳು ಸಾವಿರವನ್ನು ಮೀರಿವೆ. ಹೆಚ್ಚಿನವು ಅದನ್ನು ಅಲ್ಲಗಳೆಯಲು ಬಂದವು. ಸಂಖ್ಯೆಯನ್ನಷ್ಟೇ ನೋಡುವವನಿಗೆ ಅದೊಂದು ಮಹಾಕೃತಿ! ಇನ್ನೊಂದು ಕಡೆ, 1866ರಲ್ಲಿ ಅಚ್ಚಾದ ಮೆಂಡೆಲನ ಲೇಖನವನ್ನು 1900ರವರೆಗೆ ನೆನೆದವರು ಬೆರಳೆಣಿಕೆಯಷ್ಟು ಮಂದಿ. ಅಂದು ಇಂಥ ಫಲಕವಿದ್ದಿದ್ದರೆ ಆ ಪಾದ್ರಿಯ ಹೆಸರು ಕೊನೆಯ ಸಾಲಿನಲ್ಲಿರುತ್ತಿತ್ತು.

ಆದರೂ ಸಂಖ್ಯೆಗೇ ಪಟ್ಟವಾಯಿತು. 2005ರಲ್ಲಿ ಭೌತವಿಜ್ಞಾನಿ ಹರ್ಷ್ ಒಬ್ಬ ಸಂಶೋಧಕನ ಸಾಧನೆಯನ್ನೆಲ್ಲ ಒಂದೇ ಅಂಕಿಗೆ ಇಳಿಸುವ ಸೂತ್ರವನ್ನು ಕೊಟ್ಟನು. ಪತ್ರಿಕೆಗಳನ್ನು ಆರಿಸಲೆಂದು ಗಾರ್ಫೀಲ್ಡ್ ರೂಪಿಸಿದ್ದ ‘ಇಂಪ್ಯಾಕ್ಟ್ ಫ್ಯಾಕ್ಟರ್’, ನಮ್ಮ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ 2010ರ ನಿಯಮಗಳಲ್ಲಿ ಅಧ್ಯಾಪಕರಿಗೆ ಅಂಕ ಕೊಡುವ ಸಾಧನವಾಯಿತು. ಪತ್ರಿಕೆಯ ಅಳತೆಯಿಂದ ಮನುಷ್ಯನನ್ನು ಅಳೆಯಬೇಡಿರೆಂದು 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸೇರಿದ ಸಂಪಾದಕರು ಘೋಷಣೆ ಹೊರಡಿಸಬೇಕಾಗಿ ಬಂತು.

ಲೆಕ್ಕವೇ ಬೇಡವೆಂದು ನನ್ನ ವಾದವಲ್ಲ. ಎಲ್ಲಿ ಹುಡುಕಬೇಕೆಂಬುದನ್ನು ಅದು ತೋರಿಸುತ್ತದೆ. ಅಷ್ಟು ಉಪಕಾರ ಸಾಲದೆ? ಈಚೆಗೆ ಕೆಲವರು, ಉಲ್ಲೇಖವು ಸಮರ್ಥನೆಯೋ ಖಂಡನೆಯೋ ಎಂದು ಯಂತ್ರದಿಂದಲೇ ವಿಂಗಡಿಸಲು ತೊಡಗಿದ್ದಾರೆ. ವಕೀಲರು ನೂರೈವತ್ತು ವರ್ಷಗಳ ಹಿಂದೆ ಅರಿತಿದ್ದ ಅಗತ್ಯವೇ ಮತ್ತೆ ತಲೆಯೆತ್ತಿದೆಯೆನ್ನಬೇಕು. ಅಲ್ಲಿಯವರೆಗೆ, ಒಬ್ಬ ತರುಣ ಅಧ್ಯಾಪಕನ ಬಡ್ತಿಯ ಕಡತ ಮುಂದಿರುವಾಗ, ಸಮಿತಿಯವರು ಫಲಕದ ಅಂಕಿಯನ್ನು ನೋಡಿದ ಮೇಲೆ ಅವನ ಒಂದು ಲೇಖನವನ್ನಾದರೂ ಪೂರ್ತಿ ಓದಲಿ.